ಹದಿಮೂರು ವಾರದ ಊರುಗಳು

ಹೊಸ ಆಸ್ಪತ್ರೆಯ ಐಸಿಯುಗೆ ಮೊದಲ ರಾತ್ರಿ ಹೋದಾಗ ನಾನು ಎಲ್ಲಕ್ಕಿಂತ ಮುಂಚೆ ಹುಡುಕುತ್ತಿದ್ದುದು ಕ್ರ್ಯಾಶ್ ಕಾರ್ಟ್ ಎಲ್ಲಿದೆ ಎಂದು. ಹೃದಯ ನಿಂತ ರೋಗಿಗೆ ಬೇಕಾಗುವ ಔಷಧ, ಉಸಿರಿನ ಕೊಳವೆ, ಶಾಕ್ ಕೊಡುವ ಯಂತ್ರ ಎಲ್ಲವೂ ಇರುವ ಗಾಲಿಯ ಕಪಾಟು ಅದು. ಅದಿಲ್ಲದ ಆಸ್ಪತ್ರೆ ಇಲ್ಲ. ಆದರೆ ಒಂದು ಕಡೆ ಅದು ನರ್ಸ್‌ಗಳ ಮೇಜಿನ ಹಿಂದೆ ಇದ್ದರೆ ಇನ್ನೊಂದು ಕಡೆ ಲಿಫ್ಟ್ ಪಕ್ಕದ ಮೂಲೆಯಲ್ಲಿ ಇರುತ್ತದೆ. ಒಂದರಲ್ಲಿ ಎಪಿನೆಫ್ರಿನ್ ಮೇಲಿನ ಖಾನೆಯಲ್ಲಿ, ಇನ್ನೊಂದರಲ್ಲಿ ಅದರ ಕೆಳಗಿನದರಲ್ಲಿ. ಒಬ್ಬರು ಎದೆ ಒತ್ತುತ್ತಾ, ಇನ್ನೊಬ್ಬರು ಗಾಳಿಯ ಚೀಲ ಹಿಂಡುತ್ತಾ ನಿಮ್ಮ ಕೈಯನ್ನೇ ನೋಡುತ್ತಿರುವಾಗ ಖಾನೆ ತಡಕುವ ಹತ್ತು ಸೆಕೆಂಡು ಬಹಳ ಉದ್ದ. ಹಾಗಾಗಿ ಒಂದು ಬಿಳಿ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಶಿಫ್ಟ್ ಶುರುವಾಗುವ ಮುಂಚಿನ ಇಪ್ಪತ್ತು ನಿಮಿಷದಲ್ಲಿ ಅದರ ಮೇಲೆ ವಾರ್ಡಿನ ನಕ್ಷೆ ಬರೆದುಕೊಳ್ಳುತ್ತಿದ್ದೆ. ಕ್ರ್ಯಾಶ್ ಕಾರ್ಟ್, ಔಷಧದ ಕೋಣೆ, ರಕ್ತದ ಮಾದರಿ ಕಳಿಸುವ ಕೊಳವೆ, ರಾತ್ರಿ ಔಷಧಾಲಯದ ದೂರವಾಣಿ ಸಂಖ್ಯೆ, ಬಾಗಿಲುಗಳ ಗುಪ್ತಸಂಖ್ಯೆ. ಐದು ವರ್ಷದಲ್ಲಿ ಅಂಥ ಹನ್ನೊಂದು ಹಾಳೆಗಳಾದವು. ಅವು ಇನ್ನೂ ನನ್ನ ಬಳಿ ಇವೆ.

ಅಮೆರಿಕದಲ್ಲಿ ಇದಕ್ಕೆ ಟ್ರಾವೆಲ್ ನರ್ಸಿಂಗ್ ಎನ್ನುತ್ತಾರೆ. ನಮ್ಮನ್ನು ವಾರ್ಡಿನಲ್ಲಿ ಕರೆಯುವುದು ‘ಟ್ರಾವೆಲರ್’ ಎಂದು. ಎಲ್ಲಿ ನರ್ಸ್‌ಗಳು ಸಾಲದೋ ಅಲ್ಲಿಗೆ ಏಜೆನ್ಸಿಯ ಮೂಲಕ ಕೆಲವು ವಾರಗಳ ಕರಾರಿನ ಮೇಲೆ ಹೋಗಿ, ಕರಾರು ಮುಗಿದ ಮೇಲೆ ಇನ್ನೊಂದು ಊರಿಗೆ ಹೊರಡುವ ಕೆಲಸ. ಸಾಮಾನ್ಯ ಕರಾರು 13 ವಾರದ್ದು. ವಾರಕ್ಕೆ ಹನ್ನೆರಡು ಗಂಟೆಯ ಮೂರು ಶಿಫ್ಟ್. 1970ರ ದಶಕದ ಕೊನೆಯಲ್ಲಿ ನ್ಯೂ ಓರ್ಲಿಯನ್ಸ್ ನಗರದ ಮಾರ್ಡಿ ಗ್ರಾ ಉತ್ಸವದ ಜನಸಂದಣಿಗೆ ಹೊರಗಿನಿಂದ ನರ್ಸ್‌ಗಳನ್ನು ಕರೆಸಿದ್ದೇ ಇದರ ಮೊದಲು ಎಂದು ಈ ವೃತ್ತಿಯ ಹಿರಿಯರು ಹೇಳಿಕೊಳ್ಳುತ್ತಾರೆ. ಇಂದು ಅದಕ್ಕೆ ಕಾರಣಗಳು ನೂರು. ಚಳಿಗಾಲ ಬಂದರೆ ಉತ್ತರದ ವೃದ್ಧರು ಬಿಸಿಲು ಹುಡುಕಿಕೊಂಡು ಅರಿಜೋನಾ, ಫ್ಲಾರಿಡಾ ಸೇರುತ್ತಾರೆ. ಅಲ್ಲಿನ ಹಾಸಿಗೆಗಳು ತುಂಬುತ್ತವೆ. ಇನ್ನೊಂದು ಕಡೆ ನಾಲ್ಕು ಜನ ನರ್ಸ್‌ಗಳು ಒಟ್ಟಿಗೆ ಹೆರಿಗೆ ರಜೆಗೆ ಹೋಗಿರುತ್ತಾರೆ. ಮತ್ತೊಂದು ಕಡೆ ಊರೇ ಚಿಕ್ಕದು, ಅಲ್ಲಿ ನೆಲೆಸಲು ಯಾರೂ ಬರುವುದಿಲ್ಲ.

ನಾನು ಹೊರಟಿದ್ದು 2017ರಲ್ಲಿ. ಅದಕ್ಕೂ ಮುಂಚೆ ಟೆಕ್ಸಾಸ್‌ನ ಒಂದೇ ಆಸ್ಪತ್ರೆಯ ಒಂದೇ ಐಸಿಯುನಲ್ಲಿ ಆರು ವರ್ಷ ದುಡಿದಿದ್ದೆ. ಕೈ ಪಳಗಿತ್ತು. ವೆಂಟಿಲೇಟರ್ ಕೂಗಿದರೆ ಕೋಣೆಗೆ ಹೋಗುವ ಮೊದಲೇ ಏನಾಗಿದೆ ಎಂದು ಊಹಿಸಬಲ್ಲೆ ಎನ್ನುವಷ್ಟು ಧೈರ್ಯ ಬಂದಿತ್ತು. ಆ ಧೈರ್ಯದೊಳಗೆ ಒಂದು ಕೊರತೆ ಅಡಗಿದೆ ಎಂಬುದು ಒಬ್ಬ ವಿದ್ಯಾರ್ಥಿನಿ ಕೇಳುವ ತನಕ ನನಗೆ ಗೊತ್ತಾಗಲಿಲ್ಲ. ನಾನು ಡ್ರಿಪ್‌ಗಳ ಸಾಲನ್ನು ಜೋಡಿಸುತ್ತಿದ್ದ ಕ್ರಮ ನೋಡಿ ಅವಳು ‘ಇದನ್ನು ಈ ಕಡೆಯೇ ಏಕೆ ಹಾಕುತ್ತೀರಿ?’ ಎಂದಳು. ‘ನಮ್ಮಲ್ಲಿ ಹೀಗೆಯೇ’ ಎಂದೆ. ಅವಳು ತಲೆಯಾಡಿಸಿ ಬರೆದುಕೊಂಡಳು. ಆ ರಾತ್ರಿ ಮನೆಗೆ ಕಾರು ಓಡಿಸುವಾಗ ಆ ಮಾತು ಕೊರೆಯುತ್ತಲೇ ಇತ್ತು. ನಾನು ಕಲಿತದ್ದರಲ್ಲಿ ನರ್ಸಿಂಗ್ ಎಷ್ಟು, ನಮ್ಮ ವಾರ್ಡಿನ ರೂಢಿ ಎಷ್ಟು? ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಬೇರೆ ವಾರ್ಡನ್ನೇ ನೋಡದವಳು ಹೇಗೆ ಬೇರ್ಪಡಿಸಿಯಾಳು?

ಆ ಬೇರ್ಪಡಿಸುವಿಕೆಯೇ ಟ್ರಾವೆಲ್ ನರ್ಸಿಂಗ್ ನನಗೆ ಕೊಟ್ಟ ದೊಡ್ಡ ಸಂಪತ್ತು. ಹಣದ ಬಗ್ಗೆ ಎಲ್ಲರೂ ಕೇಳುತ್ತಾರೆ, ನೋಡಿದ ಸಮುದ್ರ ಬೆಟ್ಟಗಳ ಬಗ್ಗೆಯೂ ಕೇಳುತ್ತಾರೆ. ಅವೂ ಉಂಟು, ಮುಂದೆ ಹೇಳುತ್ತೇನೆ. ಮೊದಲು ಕೆಲಸದ ವಿಷಯ.

ಸ್ಟಾಫ್ ನರ್ಸ್ ಆಗಿ ಸೇರಿದರೆ ವಾರಗಟ್ಟಲೆ ಜೊತೆಗೊಬ್ಬರು ನಿಂತು ಕಲಿಸುತ್ತಾರೆ. ಟ್ರಾವೆಲರ್‌ಗೆ ಅಂಥದ್ದಿಲ್ಲ. ಒಂದು ದಿನ ಕಂಪ್ಯೂಟರ್ ತರಗತಿ, ಒಂದೋ ಎರಡೋ ಶಿಫ್ಟ್ ಯಾರದೋ ನೆರಳಲ್ಲಿ, ಆಮೇಲೆ ನಿಮ್ಮ ರೋಗಿಗಳು ನಿಮ್ಮವರು. ಆದ್ದರಿಂದಲೇ ಏಜೆನ್ಸಿಗಳು ಕನಿಷ್ಠ ಒಂದೆರಡು ವರ್ಷದ ಅನುಭವ ಕೇಳುತ್ತವೆ. ನನ್ನನ್ನು ಕೇಳಿದರೆ ಒಂದು ವರ್ಷ ಸಾಲದು. ರೋಗಿ ಕುಸಿಯುತ್ತಿರುವುದನ್ನು ಯಂತ್ರಕ್ಕಿಂತ ಮೊದಲು ಕಣ್ಣು ಹೇಳಬೇಕು. ಆ ಕಣ್ಣು ಬಂದ ಮೇಲೆ ಊರು ಬಿಡಬೇಕು. ವಾರ್ಡು ಹೊಸದು, ವೈದ್ಯರು ಹೊಸಬರು, ಗಣಕದ ಪರದೆ ಹೊಸದು. ರೋಗಿಗಳ ದಾಖಲೆಯ ತಂತ್ರಾಂಶಗಳಲ್ಲಿ ಎಪಿಕ್ ಬಲ್ಲವರಿಗೆ ಸೆರ್ನರ್ ಸಿಗುತ್ತದೆ, ಸೆರ್ನರ್‌ಗೆ ಒಗ್ಗಿದವರಿಗೆ ಮೆಡಿಟೆಕ್. ರೋಗಿಯೂ ಹೊಸತೆನಿಸಿಬಿಟ್ಟರೆ ನಿಲ್ಲಲು ನೆಲವೇ ಇರುವುದಿಲ್ಲ.

ನನ್ನ ಎರಡನೆಯ ಕರಾರಿನಲ್ಲಿ ನಡೆದದ್ದನ್ನು ಹೇಳಬೇಕು. ಸಣ್ಣ ಆಸ್ಪತ್ರೆ, ನಾಲ್ಕನೆಯ ರಾತ್ರಿ. ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ರೋಗಿಗೆ, ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಶುರು ಮಾಡಬೇಕಿತ್ತು. ತೂಕ 70 ಕಿಲೋ. ಗಂಟೆಗೆ ಕಿಲೋ ಒಂದಕ್ಕೆ 18 ಯೂನಿಟ್. ಆರು ವರ್ಷ ನಾನು ಬಳಸಿದ, ಔಷಧ ಹರಿಸುವ ಪಂಪಿನಲ್ಲಿ ತೂಕ ಮತ್ತು 18 ಎಂದು ಒತ್ತಿದರೆ ಉಳಿದ ಲೆಕ್ಕವನ್ನು ಪಂಪೇ ಮಾಡಿಕೊಳ್ಳುತ್ತಿತ್ತು. ಇಲ್ಲಿನ ಹಳೆಯ ಪಂಪ್ ಕೇಳುತ್ತಿದ್ದದ್ದು ಗಂಟೆಗೆ ಎಷ್ಟು ಮಿಲಿಲೀಟರ್ ಎಂದು. ನನ್ನ ಬೆರಳು ಅಭ್ಯಾಸಬಲದಿಂದ 18 ಒತ್ತಿತು. 250 ಮಿಲಿಲೀಟರ್ ಚೀಲದಲ್ಲಿ 25,000 ಯೂನಿಟ್. ಅಂದರೆ ಪ್ರತಿ ಮಿಲಿಲೀಟರಿಗೆ 100. ಹೋಗಬೇಕಾದದ್ದು ಗಂಟೆಗೆ 1,260 ಯೂನಿಟ್, ನಾನು ಒತ್ತಿದ್ದು 1,800. ಹೆಪಾರಿನ್‌ಗೆ ಇಬ್ಬರು ನರ್ಸ್‌ಗಳು ಬೇರೆಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಬೇಕೆಂಬ ನಿಯಮವಿದೆ. ಆ ರಾತ್ರಿ ನನ್ನ ಜೊತೆ ತಾಳೆ ನೋಡಲು ಬಂದವರು ನಿವೃತ್ತಿಗೆ ಹತ್ತಿರವಾದ ಒಬ್ಬ ಹಿರಿಯ ನರ್ಸ್. ಪರದೆ ನೋಡಿದರು, ತಮ್ಮ ಚೀಟಿ ನೋಡಿದರು, ‘ನನಗೆ 12.6 ಬರುತ್ತಿದೆ’ ಎಂದಷ್ಟೇ ಹೇಳಿ ಸುಮ್ಮನೆ ನಿಂತರು. ಹನಿ ಇನ್ನೂ ಹರಿದಿರಲಿಲ್ಲ. ನನ್ನ ಕೈ ತಣ್ಣಗಾಯಿತು. ‘ನಮ್ಮ ಪಂಪ್ ಹಾಗೆ, ಎಲ್ಲ ಟ್ರಾವೆಲರ್‌ಗಳಿಗೂ ಮೊದಲ ವಾರ ಇದೇ ಆಗುತ್ತದೆ’ ಎಂದು ಅವರು ಸಮಾಧಾನ ಹೇಳಿದರು. ಎಲ್ಲರಿಗೂ ಆಗುತ್ತದೆ ಎಂದು ಗೊತ್ತಿದ್ದೂ ಮೊದಲ ದಿನವೇ ಯಾರೂ ಹೇಳಲಿಲ್ಲವಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಅಂದಿನಿಂದ ನನ್ನ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿತು: ‘ಪಂಪ್ ಏನನ್ನು ಕೇಳುತ್ತದೆ?’

ಹೊಸ ಜಾಗದಲ್ಲಿ ‘ನನಗೆ ಗೊತ್ತಿಲ್ಲ, ತೋರಿಸಿ’ ಎನ್ನುವುದಕ್ಕೆ ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಹೆಚ್ಚು ಸಂಬಳಕ್ಕೆ ಬಂದವಳು, ಇಷ್ಟೂ ಗೊತ್ತಿಲ್ಲವೇ ಎಂದುಕೊಂಡಾರು ಎಂಬ ಅಳುಕು. ಆ ರಾತ್ರಿಯ ನಂತರ ಅಳುಕು ಹೋಯಿತು. ಮೊದಲ ದಿನವೇ ಐವತ್ತು ಪ್ರಶ್ನೆ ಕೇಳುವ ನರ್ಸ್ ಆದೆ. ಪಾಳಿಯ ಹೊಣೆ ಹೊತ್ತ ಚಾರ್ಜ್ ನರ್ಸ್‌ಗಳು ಪ್ರಶ್ನೆ ಕೇಳುವ ಟ್ರಾವೆಲರನ್ನೇ ನಂಬುತ್ತಾರೆ. ಏನೂ ಕೇಳದೆ ಓಡಾಡುವವರ ಕೋಣೆಗೆ ಗಂಟೆಗೊಮ್ಮೆ ಇಣುಕುತ್ತಾರೆ.

ನಂತರ ಕ್ಯಾಲಿಫೋರ್ನಿಯಾದ ಫ್ರೆಸ್ನೋ. ಒಬ್ಬ ನರ್ಸ್ ಒಮ್ಮೆಗೆ ಎಷ್ಟು ರೋಗಿಗಳನ್ನು ನೋಡಿಕೊಳ್ಳಬಹುದು ಎಂದು ಎಲ್ಲ ವಾರ್ಡುಗಳಿಗೂ ಕಾನೂನಿನಿಂದ ಮಿತಿ ಹಾಕಿದ ಮೊದಲ ರಾಜ್ಯ ಅದು. 1999ರಲ್ಲಿ ಕಾನೂನಾಗಿ 2004ರಿಂದ ಜಾರಿಗೆ ಬಂತು. ಐಸಿಯುನಲ್ಲಿ ಇಬ್ಬರು, ಸಾಮಾನ್ಯ ವಾರ್ಡಿನಲ್ಲಿ ಐವರು, ಅದಕ್ಕಿಂತ ಹೆಚ್ಚಿಲ್ಲ. ನಾನು ಮೂವರು ವೆಂಟಿಲೇಟರ್ ರೋಗಿಗಳನ್ನು ಒಬ್ಬಳೇ ನೋಡಿದ ರಾತ್ರಿಗಳಿಂದ ಬಂದವಳು. ಅಲ್ಲಿ ಎರಡನೆಯ ರಾತ್ರಿ ಒಂದೂವರೆ ಗಂಟೆಗೆ ಒಬ್ಬರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತು ‘ನಾನು ನಿಮ್ಮ ಬ್ರೇಕ್ ನರ್ಸ್, ರಿಪೋರ್ಟ್ ಕೊಡಿ’ ಎಂದರು. ನನಗೆ ಅರ್ಥವಾಗಲಿಲ್ಲ. ಊಟಕ್ಕೆ ಹೋದಾಗಲೂ ಮಿತಿ ಮೀರಬಾರದು, ಆದ್ದರಿಂದ ಬಿಡುವು ಕೊಡಿಸಲೆಂದೇ ಒಬ್ಬ ನರ್ಸ್. ಏಳು ವರ್ಷದ ಕೆಲಸದಲ್ಲಿ ಮೊದಲ ಬಾರಿ ಕುಳಿತು, ಬಾಗಿಲು ಮುಚ್ಚಿ, ಕಿವಿ ಹೊರಗಿನ ಕೂಗಿಗೆ ತೆರೆದಿಡದೆ ಊಟ ಮಾಡಿದೆ. ಮೂವತ್ತು ನಿಮಿಷ. ತುತ್ತು ಗಂಟಲಲ್ಲಿ ನಿಂತಂತಾಗಿ ಕಣ್ಣು ತುಂಬಿತು. ದಣಿವು ಎಂದರೆ ನರ್ಸಿಂಗ್‌ನ ಸಹಜ ಗುಣ ಎಂದು ನಂಬಿಕೊಂಡಿದ್ದೆ. ಅದು ಯಾರೋ ಮಾಡಿದ, ಬೇರೆ ರೀತಿಯಲ್ಲೂ ಮಾಡಬಹುದಾದ ಏರ್ಪಾಡು ಎಂದು ಆ ಕೋಣೆಯಲ್ಲಿ ತಿಳಿಯಿತು.

ಫ್ರೆಸ್ನೋದಲ್ಲಿಯೇ ವ್ಯಾಲಿ ಜ್ವರವನ್ನು ಮೊದಲು ಕಂಡದ್ದು. ಒಣ ಮಣ್ಣಿನಲ್ಲಿ ಬೆಳೆಯುವ ಒಂದು ಶಿಲೀಂಧ್ರ; ಗಾಳಿ ಎದ್ದಾಗ, ನೆಲ ಅಗೆದಾಗ ಅದರ ಬೀಜಾಣು ಉಸಿರಿನೊಳಗೆ ಹೋಗುತ್ತದೆ. ಹೊರನೋಟಕ್ಕೆ ಬರೀ ನ್ಯುಮೋನಿಯಾ. ಹೊಲದಲ್ಲಿ ದುಡಿಯುವ ಒಬ್ಬ ಗಟ್ಟಿಮುಟ್ಟಾದ ಯುವಕ ವಾರಗಟ್ಟಲೆ ಆ್ಯಂಟಿಬಯಾಟಿಕ್ ತೆಗೆದುಕೊಂಡೂ ಸೊರಗುತ್ತಾ ಬಂದಿದ್ದ. ಅಲ್ಲಿನ ನರ್ಸ್ ಒಬ್ಬರು ರಿಪೋರ್ಟ್ ಕೇಳುತ್ತಲೇ ‘ಕಾಕ್ಸಿ ಪರೀಕ್ಷೆಗೆ ಕಳಿಸಿದ್ದಾರಾ?’ ಎಂದರು. ವ್ಯಾಲಿ ಜ್ವರದ ಪರೀಕ್ಷೆ ಅದು. ಕಳಿಸಿದ್ದರು; ಅದೇ ಆಗಿತ್ತು. ಫ್ರೆಸ್ನೋ ಇರುವ ಸ್ಯಾನ್ ಹ್ವಾಕಿನ್ ಕಣಿವೆಯಲ್ಲಿ ಅದು ಎಲ್ಲರ ನಾಲಿಗೆಯ ತುದಿಯಲ್ಲಿರುವ ಹೆಸರು. ನನ್ನ ಹಳೆಯ ವಾರ್ಡಿನಲ್ಲಿ ಅದು ಪುಸ್ತಕದ ಒಂದು ಪುಟ. ಮುಂದೆ ಎರಡು ವರ್ಷದ ಮೇಲೆ, ಬಹಳ ದೂರದ ನಾರ್ತ್ ಡಕೋಟಾದಲ್ಲಿ, ಗುಣವಾಗದ ನ್ಯುಮೋನಿಯಾದ ಒಬ್ಬ ಟ್ರಕ್ ಚಾಲಕನನ್ನು ‘ಕ್ಯಾಲಿಫೋರ್ನಿಯಾ ಕಡೆ ಓಡಾಡಿದ್ದಿರಾ?’ ಎಂದು ಕೇಳಿದವಳು ನಾನು. ಓಡಾಡಿದ್ದರು. ವೈದ್ಯರಿಗೆ ಹೇಳಿದೆ, ಪರೀಕ್ಷೆ ಮಾಡಿಸಿದರು, ಸಿಕ್ಕಿತು. ಒಂದು ಊರಿನ ತಿಳಿವಳಿಕೆಯನ್ನು ಇನ್ನೊಂದು ಊರಿಗೆ ಹೊತ್ತೊಯ್ಯುವುದು ಎಂದರೆ ಇದೇ. ಈ ಕೆಲಸದ ಹೆಮ್ಮೆ ನನಗೆ ಅಲ್ಲಿದೆ.

ಪೂರ್ವ ಕೆಂಟಕಿಯಲ್ಲಿ ಇನ್ನೊಂದು ಪಾಠ. ಕಲ್ಲಿದ್ದಲ ಬೆಟ್ಟಗಳ ನಾಡು. ಆ ಸೀಮೆ ಸೇರಿರುವ ಮಧ್ಯ ಅಪಲಾಚಿಯಾದಲ್ಲಿ 25 ವರ್ಷ ಅಥವಾ ಹೆಚ್ಚು ಕಾಲ ದುಡಿದ ಗಣಿ ಕಾರ್ಮಿಕರಲ್ಲಿ ಐವರಿಗೊಬ್ಬರ ಶ್ವಾಸಕೋಶದಲ್ಲಿ ದೂಳಿನ ರೋಗ ಇದೆ ಎಂದು 2018ರಲ್ಲಿ ಒಂದು ಸರ್ಕಾರಿ ಅಧ್ಯಯನ ಹೇಳಿತು. ಅದನ್ನು ಅವರು ಕಪ್ಪು ಶ್ವಾಸಕೋಶ ಎನ್ನುತ್ತಾರೆ. ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮುಖವಾಡ ಕಟ್ಟಿಕೊಂಡ ಒಬ್ಬ ಹಿರಿಯರನ್ನು ನಾನು ಮಲಗಿಸಲು ಯತ್ನಿಸುತ್ತಿದ್ದೆ. ಅವರು ಕೈ ಅಡ್ಡ ಹಿಡಿದು, ಹಾಸಿಗೆಯ ಅಂಚಿನಲ್ಲಿ ಕುಳಿತು, ಊಟದ ಮೇಜನ್ನು ಎಳೆದುಕೊಂಡು ಅದರ ಮೇಲೆ ಎರಡೂ ಮೊಣಕೈ ಊರಿ ಮುಂದಕ್ಕೆ ಬಾಗಿದರು. ಉಸಿರಿನ ಎಣಿಕೆ ಇಳಿಯಿತು, ಆಮ್ಲಜನಕದ ಅಂಕಿ ಏರಿತು. ‘ನಾನು ಹನ್ನೆರಡು ವರ್ಷದಿಂದ ಹೀಗೇ ಮಲಗುತ್ತೇನೆ ಮಗಳೇ, ನಿನಗೆ ಹೊಸತು ಅಷ್ಟೇ’ ಎಂದರು. ಆ ಭಂಗಿ ನನಗೆ ಪಠ್ಯದಿಂದ ಗೊತ್ತಿತ್ತು. ಒಬ್ಬ ಮನುಷ್ಯ ಹನ್ನೆರಡು ವರ್ಷ ಅದರಲ್ಲೇ ನಿದ್ದೆ ಮಾಡಬಲ್ಲ ಎಂಬುದು ಗೊತ್ತಿರಲಿಲ್ಲ. ಅವರ ಹಾಸಿಗೆಯ ತಲೆಗೆ ಚೀಟಿ ಅಂಟಿಸಿದೆ: ‘ಇವರನ್ನು ಮಲಗಿಸಬೇಡಿ. ಮೇಜು ಕೊಡಿ.’

ಆ ಬೆಟ್ಟಗಳಲ್ಲೇ, ಲೆಸ್ಲಿ ಕೌಂಟಿಯಲ್ಲಿ, 1925ರಲ್ಲಿ ಮೇರಿ ಬ್ರೆಕಿನ್‌ರಿಡ್ಜ್ ಎಂಬಾಕೆ ಕುದುರೆಯ ಮೇಲೆ ಮನೆಮನೆಗೆ ಹೋಗುವ ನರ್ಸ್‌ಗಳ ಸೇವೆಯೊಂದನ್ನು ಕಟ್ಟಿದರು. ಹೆರಿಗೆ ಮಾಡಿಸುವುದು, ಲಸಿಕೆ ಹಾಕುವುದು, ಹೊಳೆ ದಾಟುವುದು ಎಲ್ಲವೂ ಅದೇ ಕುದುರೆಯ ಮೇಲೆ. ಬಿಡುವಿನ ದಿನ ಆ ಕಡೆಯ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗಿದ್ದೆ. ರಸ್ತೆ ಚೆನ್ನಾಗಿತ್ತು, ಆದರೂ ತಿರುವುಗಳಲ್ಲಿ ಎದೆ ಡವಗುಟ್ಟುತ್ತಿತ್ತು. ರೋಗಿ ಇರುವಲ್ಲಿಗೆ ನರ್ಸ್ ಹೋಗುವುದು ಈ ವೃತ್ತಿಯ ಹಳೆಯ ನಡೆ ಎಂದು ಅಲ್ಲಿ ಅನ್ನಿಸಿತು. ನನ್ನದು ಕಾರು ಮತ್ತು ಎರಡು ಸೂಟ್‌ಕೇಸು, ಅವರದು ಜೀನು ಮತ್ತು ಎರಡು ಚೀಲ.

ಹಣದ ಮಾತು. ಸಾಮಾನ್ಯವಾಗಿ ಸ್ಟಾಫ್ ನರ್ಸ್‌ಗಿಂತ ಹೆಚ್ಚು ಸಿಗುತ್ತದೆ, ನಿಜ. ಆದರೆ ಅದು ಎರಡು ತುಂಡಾಗಿ ಬರುತ್ತದೆ. ಒಂದು, ತೆರಿಗೆ ಕಟ್ಟಬೇಕಾದ ಗಂಟೆಯ ಸಂಬಳ. ಇನ್ನೊಂದು, ವಸತಿ ಮತ್ತು ಊಟಕ್ಕೆಂದು ಕೊಡುವ ಭತ್ಯೆ. ಭತ್ಯೆಗೆ ತೆರಿಗೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕಿರುವ ಷರತ್ತನ್ನು ಕೆಲವರು ಮಾತ್ರ ಹೇಳುತ್ತಾರೆ. ನಿಮಗೆ ಬೇರೆಡೆ ನಿಜವಾದ ಒಂದು ನೆಲೆ ಇರಬೇಕು, ಅದರ ಖರ್ಚನ್ನು ನೀವು ಹೊರುತ್ತಿರಬೇಕು, ಹೋದ ಊರಿನ ಕೆಲಸ ತಾತ್ಕಾಲಿಕವಾಗಿರಬೇಕು. ಒಂದೇ ಕಡೆ ಒಂದು ವರ್ಷ ಮೀರಿ ಇರುವುದು ನಿಶ್ಚಯವಾದರೆ ಅದು ತಾತ್ಕಾಲಿಕವಲ್ಲ ಎಂಬುದು ಅಲ್ಲಿನ ತೆರಿಗೆ ಇಲಾಖೆಯ ನಿಯಮ. ಟೆಕ್ಸಾಸ್‌ನಲ್ಲಿ ನಮ್ಮ ಮನೆ, ಗಂಡ, ಮಗ ಇದ್ದುದರಿಂದ ನನಗೆ ತೊಂದರೆ ಆಗಲಿಲ್ಲ. ಮನೆ ಬಿಟ್ಟುಕೊಟ್ಟು, ಊರೂರು ಸುತ್ತುತ್ತಾ ಭತ್ಯೆಯನ್ನೂ ತೆರಿಗೆಯಿಲ್ಲದೆ ಪಡೆದ ಗೆಳತಿಯೊಬ್ಬಳು ನಂತರ ಬಾಕಿ ಕಟ್ಟಲು ಬಹಳ ಕಷ್ಟಪಟ್ಟಳು. ಇನ್ನೊಂದು ವಿಷಯ: ಗಂಟೆಯ ಸಂಬಳವನ್ನು ಕಡಿಮೆ ತೋರಿಸಿ ಭತ್ಯೆಯನ್ನು ಹೆಚ್ಚಿಸಿದರೆ ಇಂದು ಕೈಗೆ ಹೆಚ್ಚು ಬರುತ್ತದೆ, ನಾಳೆಯ ಸಾಮಾಜಿಕ ಭದ್ರತೆಯ ಪಿಂಚಣಿಗೆ ಎಣಿಕೆಯಾಗುವುದು ಆ ಕಡಿಮೆ ಸಂಬಳ ಮಾತ್ರ. ಎರಡು ಕರಾರುಗಳ ನಡುವೆ ಮೂರು ವಾರ ಖಾಲಿ ಕುಳಿತರೆ ಸಂಬಳವಿಲ್ಲ, ಎಷ್ಟೋ ಬಾರಿ ಆರೋಗ್ಯ ವಿಮೆಯೂ ಇಲ್ಲ. ಈ ಲೆಕ್ಕವನ್ನು ವಾರದ ಸಂಬಳದ ಜಾಹೀರಾತು ಹೇಳುವುದಿಲ್ಲ.

ಪರವಾನಗಿಯ ವಿಷಯದಲ್ಲಿ ಕಾಲ ಸುಧಾರಿಸಿದೆ. ನರ್ಸ್ ಪರವಾನಗಿ ಕೊಡುವುದು ಆಯಾ ರಾಜ್ಯ. ಆದರೆ ಹಲವು ರಾಜ್ಯಗಳು ಒಪ್ಪಂದ ಮಾಡಿಕೊಂಡು ಒಬ್ಬರ ಪರವಾನಗಿಯನ್ನು ಇನ್ನೊಬ್ಬರು ಮಾನ್ಯ ಮಾಡುತ್ತಾರೆ. 2018ರ ಜನವರಿಯಲ್ಲಿ ಈ ಒಪ್ಪಂದ ಹೊಸ ರೂಪ ಪಡೆಯಿತು. ಈಗ 40ಕ್ಕೂ ಹೆಚ್ಚು ರಾಜ್ಯಗಳು ಅದರಲ್ಲಿವೆ. ಟೆಕ್ಸಾಸ್ ಪರವಾನಗಿಯಿಂದಲೇ ಕೆಂಟಕಿ, ಅರಿಜೋನಾ, ನಾರ್ತ್ ಡಕೋಟಾ ಎಲ್ಲವನ್ನೂ ಮುಗಿಸಿದೆ. ಕ್ಯಾಲಿಫೋರ್ನಿಯಾ ಅದರಲ್ಲಿಲ್ಲ. ಬೆರಳಚ್ಚು ಕೊಟ್ಟು, ತಿಂಗಳುಗಟ್ಟಲೆ ಕಾದು ಬೇರೆಯಾಗಿಯೇ ಪಡೆಯಬೇಕಾಯಿತು.

ನಮ್ಮ ಕಡೆಯಿಂದ ಬರಬೇಕೆಂದಿರುವ ನರ್ಸ್‌ಗಳು ನನಗೆ ಆಗಾಗ ಬರೆಯುತ್ತಾರೆ. ಅವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ನಾನು ಮದುವೆಯಿಂದಾಗಿ ಗ್ರೀನ್ ಕಾರ್ಡ್ ಪಡೆದವಳು, ಹಾಗಾಗಿ ಯಾವ ಏಜೆನ್ಸಿಗೆ ಬೇಕಾದರೂ ದುಡಿಯಬಲ್ಲೆ. ಭಾರತದಿಂದ ನೇಮಕವಾಗಿ ಬರುವವರ ದಾರಿ ಬೇರೆ. ಅಮೆರಿಕದ ನರ್ಸ್ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದ ಮೇಲೂ ವೀಸಾ ಸರದಿ ಬಹಳ ಉದ್ದ, ಭಾರತದವರಿಗೆ ಹತ್ತು ವರ್ಷ ದಾಟಿದ್ದೂ ಉಂಟು. ಬಂದ ಮೇಲೆ ಕರೆಸಿದ ಸಂಸ್ಥೆಯ ಜೊತೆ ಎರಡು ಮೂರು ವರ್ಷದ ಕರಾರು ಇರುತ್ತದೆ, ನಡುವೆ ಬಿಟ್ಟರೆ ದಂಡ ಕೇಳುವವರಿದ್ದಾರೆ. ಅದನ್ನು ಹದಿಮೂರು ವಾರದ ಸ್ವಾತಂತ್ರ್ಯ ಎಂದು ತಿಳಿದು ಸಹಿ ಹಾಕಬೇಡಿ. ಕರಾರನ್ನು ಒಬ್ಬ ವಕೀಲರಿಗೆ ತೋರಿಸಿ.

ಟ್ರಾವೆಲರ್‌ಗೆ ವಾರ್ಡಿನಲ್ಲಿ ಸಿಗುವ ಜಾಗ ಯಾವುದು ಎಂದು ಕೇಳಿದರೆ, ಮೊದಲು ಕಳಿಸುವುದು ಅವರನ್ನೇ. ಇನ್ನೊಂದು ವಾರ್ಡಿನಲ್ಲಿ ಜನ ಕಡಿಮೆಯಾದರೆ ಫ್ಲೋಟ್ ಆಗಿ ಹೋಗುವುದು ಟ್ರಾವೆಲರ್. ರೋಗಿಗಳು ಕಡಿಮೆಯಾದ ರಾತ್ರಿ ‘ಇಂದು ಬರಬೇಡಿ’ ಎಂಬ ಫೋನ್ ಬರುವುದೂ ಟ್ರಾವೆಲರ್‌ಗೇ. ಕರಾರಿನಲ್ಲಿ ಖಾತ್ರಿ ಗಂಟೆಗಳ ಷರತ್ತು ಇಲ್ಲದಿದ್ದರೆ ಆ ರಾತ್ರಿಯ ಸಂಬಳ ಹೋಯಿತು. ಕೆಲವು ವಾರ್ಡುಗಳಲ್ಲಿ ಅತ್ಯಂತ ಕಷ್ಟದ ರೋಗಿಗಳನ್ನು ಹೊಸಬರಿಗೆ ಕೊಟ್ಟು ನೋಡುತ್ತಾರೆ. ಇವೆಲ್ಲವನ್ನೂ ಸಹಿಸಬಹುದು. ನಾನು ಸಹಿಸಲಾರದೆ ಹೋದದ್ದು ಮಂಗಳವಾರದ ಮಧ್ಯಾಹ್ನಗಳನ್ನು. ರಾತ್ರಿ ಪಾಳಿ ಮುಗಿಸಿ ಮಲಗಿ, ಮೂರು ಗಂಟೆಗೆ ಎದ್ದು, ಬೇರೆ ಯಾರದೋ ಪರದೆಗಳಿರುವ ಬಾಡಿಗೆ ಕೋಣೆಯಲ್ಲಿ ಕುಳಿತಾಗ ಫೋನಿನಲ್ಲಿ ಮಗನ ಬಿದ್ದ ಹಲ್ಲಿನ ಚಿತ್ರ ಬಂದಿರುತ್ತಿತ್ತು. ನಾಲ್ಕು ದಿನ ರಜೆ ಒಟ್ಟುಗೂಡಿಸಿಕೊಂಡು ಮನೆಗೆ ಹಾರುತ್ತಿದ್ದೆ. ಮೊದಲ ದಿನ ನಿದ್ದೆ, ಕೊನೆಯ ದಿನ ಪ್ಯಾಕಿಂಗ್, ನಡುವೆ ಎರಡು ದಿನ. ಅಮ್ಮ ಫೋನಿನಲ್ಲಿ, ‘ಕಾಲಿಗೆ ಚಕ್ರ ಕಟ್ಟಿಕೊಂಡವಳು ನೀನು. ಮಗುವಿನ ಕಾಲಿಗೂ ಕಟ್ಟಿ ಕರೆದುಕೊಂಡು ಹೋಗಲಾಗದಲ್ಲ’ ಎಂದಳು. ಗದರಿಕೆಯಲ್ಲ, ಸಂಕಟ. ನನಗೆ ಉತ್ತರ ಇರಲಿಲ್ಲ. ಗಂಡ ಮನೆಯ ಭಾರವನ್ನು ಪೂರ್ತಿ ಹೊತ್ತದ್ದರಿಂದ ನನ್ನ ವೃತ್ತಿ ಬೆಳೆಯಿತು. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

2020ರ ವಸಂತ ಬಂದಾಗ ನನ್ನ ಕರಾರು ರದ್ದಾಯಿತು. ಕೊರೊನಾ ಎಂದು ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನೆಲ್ಲ ನಿಲ್ಲಿಸಿದ್ದರಿಂದ ಆ ಆಸ್ಪತ್ರೆಯ ಹಾಸಿಗೆಗಳು ಖಾಲಿಯಾಗಿದ್ದವು. ಎರಡು ವಾರದೊಳಗೆ ನ್ಯೂಯಾರ್ಕ್‌ನಿಂದ ಕರೆ ಬಂತು. ಹೊರರಾಜ್ಯದ ಪರವಾನಗಿಯನ್ನೇ ಒಪ್ಪುವಂತೆ ಅಲ್ಲಿನ ಗವರ್ನರ್ ಆದೇಶ ಹೊರಡಿಸಿದ್ದರು. ಎಂಟು ವಾರ ಇದ್ದೆ. ಸಂಜೆ ಏಳಕ್ಕೆ ನಗರದ ಜನ ಕಿಟಕಿಗಳಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಶಿಫ್ಟ್ ಬದಲಾಗುವ ಹೊತ್ತು ಅದು. ಒಳಗೆ ಹೋದರೆ ಒಬ್ಬರ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಟ್ಯಾಬ್ಲೆಟ್ ಎತ್ತಿ ಹಿಡಿದು, ಅವರ ಮನೆಯವರ ಅಳುವನ್ನು ಅವರ ಕಿವಿಗೆ ಮುಟ್ಟಿಸುವ ಕೆಲಸ. ನನಗೆ ಆಗ ಬಂದ ವಾರದ ಸಂಬಳ ಮಾಮೂಲಿಯ ಹಲವು ಪಟ್ಟು. ಪಕ್ಕದ ಕೋಣೆಯಲ್ಲಿ ಅದೇ ಕೆಲಸ ಮಾಡುತ್ತಿದ್ದ, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ನರ್ಸ್‌ಗೆ ಹಳೆಯ ಸಂಬಳವೇ. ಒಂದು ರಾತ್ರಿ ಅವರು ನನ್ನನ್ನು ನೇರವಾಗಿ ಕೇಳಿದರು, ನಾನು ಸುಳ್ಳು ಹೇಳಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ನೀವು ಬರದಿದ್ದರೆ ನನಗೆ ಇನ್ನೂ ಇಬ್ಬರು ರೋಗಿಗಳು ಹೆಚ್ಚಾಗುತ್ತಿದ್ದರು’ ಎಂದರು. ಆ ದೊಡ್ಡತನವನ್ನು ನಾನು ಮರೆಯಲಾರೆ. ಆ ದರಗಳು ಮುಂದೆ ಇಳಿದವು, ಇಳಿಯಲೇಬೇಕಿತ್ತು. ಆದರೆ ಇದ್ದವರನ್ನು ಉಳಿಸಿಕೊಳ್ಳಲು ಕೊಡದ ಹಣವನ್ನು ಹೊರಗಿನವರನ್ನು ಕರೆಸಲು ಕೊಡುವ ಈ ಕ್ರಮ ಸರಿಯಲ್ಲ. ಅದರಿಂದ ಲಾಭ ಪಡೆದವಳಾಗಿಯೂ ಇದನ್ನು ಹೇಳುತ್ತೇನೆ.

ವೃತ್ತಿಗೆ ಏನು ಸಿಕ್ಕಿತು ಎಂದು ಕೇಳುವ ಕಿರಿಯರಿಗೆ ಮೊದಲು ಹೇಳುವುದು ಸಿಸಿಆರ್‌ಎನ್. ತೀವ್ರ ನಿಗಾ ನರ್ಸಿಂಗ್‌ನ ಆ ಪ್ರಮಾಣಪತ್ರಕ್ಕೆ ಎರಡು ವರ್ಷದಲ್ಲಿ 1,750 ಗಂಟೆ ಹಾಸಿಗೆಯ ಪಕ್ಕದ ಕೆಲಸ ಬೇಕು. ಯಾವ ಊರಿನ ಗಂಟೆಯಾದರೂ ಎಣಿಕೆಗೆ ಬರುತ್ತದೆ. ಕೆಂಟಕಿಯ ಬಾಡಿಗೆ ಕೋಣೆಯಲ್ಲಿ ಓದಿ ಅದನ್ನು ಪಾಸಾದೆ. ನನ್ನ ಜೊತೆ ಅರಿಜೋನಾದಲ್ಲಿದ್ದ ಒಬ್ಬಾತ ಅರಿವಳಿಕೆ ನರ್ಸ್ ಆಗಲು ಓದಿಗೆ ಹೋದ. ಕಾಗದದ ಮೇಲೆ ಬರುವುದು ಇಷ್ಟು. ಕಾಗದಕ್ಕೆ ಬಾರದ್ದು ಹೆಚ್ಚು. ಅಪರಿಚಿತ ತಂಡದ ನಡುವೆ ನಿಂತು ಐದು ನಿಮಿಷದಲ್ಲಿ ಇಲ್ಲಿ ಯಾರ ಮಾತಿಗೆ ತೂಕವಿದೆ, ರಾತ್ರಿ ಯಾರನ್ನು ಎಬ್ಬಿಸಿದರೆ ಬರುತ್ತಾರೆ ಎಂದು ತಿಳಿಯುವುದು. ವೈದ್ಯರಿಗೆ ಫೋನ್ ಮಾಡಿದಾಗ ನಿಮ್ಮ ಹೆಸರೂ ಗೊತ್ತಿಲ್ಲದವರು ನಾಲ್ಕು ವಾಕ್ಯದಲ್ಲಿ ನಿಮ್ಮನ್ನು ನಂಬುವಂತೆ ಹೇಳುವುದು. ಹನ್ನೊಂದು ಬಗೆಯಲ್ಲಿ ನಡೆಯುವ ಒಂದೇ ಕೆಲಸವನ್ನು ನೋಡಿದ ಮೇಲೆ, ಎಲ್ಲ ಹನ್ನೊಂದರಲ್ಲೂ ಬದಲಾಗದೆ ಉಳಿದದ್ದು ಏನು ಎಂದು ಗೊತ್ತಾಗುತ್ತದೆ. ಕೈ ತೊಳೆಯುವುದು ಉಳಿಯಿತು. ಹೆಪಾರಿನ್‌ಗೆ ಎರಡನೆಯ ಕಣ್ಣು ಉಳಿಯಿತು. ರೋಗಿಯ ಹೆಸರನ್ನು ಅವರ ಬಾಯಲ್ಲೇ ಕೇಳುವುದು ಉಳಿಯಿತು. ಡ್ರಿಪ್ ಯಾವ ಕಡೆ ಎಂಬುದು ಉಳಿಯಲಿಲ್ಲ.

ಹೊರಡುವವರು ರಿಕ್ರೂಟರ್ ಜೊತೆ ಸಂಬಳ ಮಾತಾಡಿ ಮುಗಿಸಬಾರದು. ಆ ವಾರ್ಡಿನ ಮ್ಯಾನೇಜರ್ ಫೋನಿನಲ್ಲಿ ಸಂದರ್ಶನ ಮಾಡುವಾಗ ನೀವೂ ಅವರನ್ನು ಕೇಳಿ: ಈ ಜಾಗ ಏಕೆ ಖಾಲಿಯಾಯಿತು? ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ಯಾವ ಯಾವ ವಾರ್ಡಿಗೆ ಫ್ಲೋಟ್ ಮಾಡುತ್ತೀರಿ? ಈ ಹಿಂದೆ ಬಂದ ಟ್ರಾವೆಲರ್‌ಗಳು ಕರಾರನ್ನು ಮುಂದುವರಿಸಿದರೋ? ಕೊನೆಯ ಪ್ರಶ್ನೆಗೆ ತಡವರಿಸಿದರೆ ನಾನು ಆ ಊರಿಗೆ ಹೋಗುತ್ತಿರಲಿಲ್ಲ.

2022ರಲ್ಲಿ ಮಗ ಮಾಧ್ಯಮಿಕ ಶಾಲೆಗೆ ಸೇರಿದ; ನಾನು ಮನೆಗೆ ಮರಳಿದೆ. ಈಗ ಟೆಕ್ಸಾಸ್‌ನ ಇನ್ನೊಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಚಾರ್ಜ್ ನರ್ಸ್. ನಮ್ಮಲ್ಲಿಗೆ ಬರುವ ಟ್ರಾವೆಲರ್‌ಗಳಿಗೆ ಮೊದಲ ಗಂಟೆ ರೋಗಿಯನ್ನು ಕೊಡುವುದಿಲ್ಲ. ನಾನೇ ಜೊತೆಗೆ ನಡೆದು ಕ್ರ್ಯಾಶ್ ಕಾರ್ಟ್ ತೆರೆದು ತೋರಿಸುತ್ತೇನೆ, ಪಂಪಿನ ಮುಂದೆ ನಿಲ್ಲಿಸಿ ಅದು ಏನನ್ನು ಕೇಳುತ್ತದೆ ಎಂದು ಹೇಳುತ್ತೇನೆ. ಮುದ್ರಿಸಿದ ನಕ್ಷೆಯೊಂದನ್ನು ಕೈಗೆ ಕೊಡುತ್ತೇನೆ.

ಹೋದ ತಿಂಗಳು ಒರೆಗಾನ್‌ನಿಂದ ಒಬ್ಬ ಹುಡುಗಿ ಬಂದಳು. ಮೂರನೆಯ ರಾತ್ರಿ, ಬೆಳಗಿನ ಜಾವ ನಾಲ್ಕು ಗಂಟೆಗೆ, ನಾವು ವಾಡಿಕೆಯಂತೆ ವೆಂಟಿಲೇಟರ್ ರೋಗಿಗಳಿಗೆ ಮೈ ಒರೆಸಲು ನೀರು, ಬಟ್ಟೆ ಸಿದ್ಧ ಮಾಡಿಕೊಳ್ಳುತ್ತಿದ್ದೆವು. ಅವಳು ಆರನೆಯ ಕೋಣೆಯ ಬಾಗಿಲಲ್ಲಿ ನಿಂತು, ಕೊನೆಗೂ ನಿದ್ದೆ ಹತ್ತಿದ್ದ ರೋಗಿಯ ಕಡೆ ನೋಡಿ, ‘ಇಲ್ಲಿ ನಾಲ್ಕು ಗಂಟೆಗೇ ಏಕೆ? ನನ್ನ ಹಿಂದಿನ ಆಸ್ಪತ್ರೆಯಲ್ಲಿ ರಾತ್ರಿ ಒಂಬತ್ತಕ್ಕೆ ಮುಗಿಸಿ ಮಲಗಲು ಬಿಡುತ್ತಿದ್ದೆವು’ ಎಂದಳು.

‘ನಮ್ಮಲ್ಲಿ ಹೀಗೆಯೇ’ ಎಂದುಬಿಟ್ಟೆ.

ಅವಳು ಸರಿ ಎಂದು ಬಟ್ಟೆ ಹಿಂಡತೊಡಗಿದಳು. ನಾನು ಅವಳ ಕೈಯಿಂದ ಬೇಸಿನ್ ತೆಗೆದುಕೊಂಡು ದೀಪ ಆರಿಸಿದೆ. ಬೆಳಗ್ಗೆ ಏಳೂಕಾಲಕ್ಕೆ, ರಿಪೋರ್ಟ್ ಕೊಟ್ಟಾದ ಮೇಲೆ, ಈ ನಾಲ್ಕು ಗಂಟೆಯ ನಿಯಮವನ್ನು ಯಾರು ಯಾವಾಗ ಬರೆದರು ಎಂದು ಹುಡುಕಲು ಕಂಪ್ಯೂಟರ್ ಮುಂದೆ ಕುಳಿತೆ. ಎಲ್ಲೂ ಬರೆದಿರಲಿಲ್ಲ.